ಟೈರು ಸುಡದ ಒಲೆ

ನೀನೇನು ಕೆಲಸ ಮಾಡುತ್ತೀ ಎಂದು ಮದ್ದೂರಿನಲ್ಲಿ ಯಾರಾದರೂ ಕೇಳಿದರೆ ಕಾವಲು ಕೆಲಸ ಎನ್ನುತ್ತೇನೆ. ಕೇಳಿದವರು ನನ್ನನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡುತ್ತಾರೆ. ಅದು ಸುಳ್ಳೇನಲ್ಲ. ಮಳವಳ್ಳಿಯ ಕಾಲೇಜೊಂದರಲ್ಲಿ ಗುತ್ತಿಗೆಯ ಮೇಲೆ ಗಣಿತ ಪಾಠ ಮಾಡುತ್ತಿದ್ದೆ. ವರ್ಷ ವರ್ಷವೂ ಈ ಸಲ ಕರೆಯುತ್ತಾರೋ ಬಿಡುತ್ತಾರೋ ಎಂದು ಕಾದು ಕಾದು ಬೇಸತ್ತು, ಒಂದು ದಿನ ಆ ಬಾಗಿಲಿಗೆ ಕೈಮುಗಿದು ಬಂದುಬಿಟ್ಟೆ. ಆಮೇಲೆ ಹಿಡಿದದ್ದು ಈ ಕಾವಲು. ಒಂದು ಸಣ್ಣ ಕ್ರಿಪ್ಟೋ ನಾಣ್ಯದ ಜಾಲ; ಅದರಲ್ಲಿ ಯಾರಾದರೂ ಕಿತಾಪತಿ ಮಾಡುತ್ತಿದ್ದಾರೆಯೇ ಎಂದು ಮನೆಯಲ್ಲೇ ಕೂತು ನೋಡುತ್ತಿರಬೇಕು. ಜಾಲ ನಡೆಸುವವರು ನಾಲ್ಕಾರು ದೇಶಗಳಲ್ಲಿ ಚದುರಿಕೊಂಡಿದ್ದಾರೆ. ಅವರಲ್ಲಿ ಒಬ್ಬ ಯಜಮಾನಿಕೆ ಮಾಡುತ್ತಾನೆ. ಯಾರೂ ಅವನನ್ನು ಆರಿಸಿಲ್ಲ, ಆದರೆ ಸಭೆಯಲ್ಲಿ ಕೊನೆಯ ಮಾತು ಯಾವಾಗಲೂ ಅವನದೇ. ಅವನನ್ನು ಯಜಮಾನ ಎಂದೇ ಕರೆಯುತ್ತೇನೆ.

ಈ ನಾಣ್ಯದ ಗಣಿಗಾರಿಕೆ ಎಂದರೆ ಮಣ್ಣು ಅಗೆಯುವುದಲ್ಲ. ಯಂತ್ರಗಳು ಎಡೆಬಿಡದೆ ಒಂದು ಒಗಟು ಬಿಡಿಸುತ್ತಿರುತ್ತವೆ. ಮೊದಲು ಬಿಡಿಸಿದವರಿಗೆ ಒಂದಿಷ್ಟು ಹೊಸ ನಾಣ್ಯ. ಅವರು ಬಿಡಿಸಿದ ಪ್ರತಿ ಒಗಟಿನ ಜೊತೆಗೆ ಜನರ ವ್ಯವಹಾರಗಳ ಒಂದು ಕಂತೆ ಪಕ್ಕಾ ಆಗುತ್ತದೆ. ಆ ಕಂತೆಗೆ ಬ್ಲಾಕು ಎನ್ನುತ್ತಾರೆ. ಯಂತ್ರಗಳು ಹೆಚ್ಚಾದರೆ ಜಾಲ ತಾನಾಗಿ ಒಗಟನ್ನು ಕಠಿಣ ಮಾಡುತ್ತದೆ, ಕಡಿಮೆಯಾದರೆ ಸಡಿಲ ಮಾಡುತ್ತದೆ. ಆದರೆ ನಮ್ಮ ಜಾಲದಲ್ಲಿ ಈ ಸಡಿಲ ಮಾಡುವ ಕೆಲಸ ಬಹಳ ನಿಧಾನ. ಅದನ್ನು ತಿದ್ದಿ, ಪ್ರತಿ ಬ್ಲಾಕಿಗೂ ಚೂರುಚೂರೇ ಬದಲಾಗುವಂತೆ ಮಾಡಿ ಎಂದು ನಾನು ಸೇರಿದ ಹೊಸದರಲ್ಲೇ ಹೇಳಿದ್ದೆ. ಕಾವಲಿನವಳ ಮಾತು ಯಾರು ಕೇಳುತ್ತಾರೆ?

ಗೌರಿ ಹಬ್ಬದ ಆಸುಪಾಸಿನಲ್ಲಿ ಶುರುವಾಯಿತು ನೋಡಿ ತಮಾಷೆ. ಇದ್ದಕ್ಕಿದ್ದಂತೆ ಯಾರೋ ಒಬ್ಬರು ದೊಡ್ಡ ಯಂತ್ರಬಲದೊಂದಿಗೆ ಜಾಲಕ್ಕೆ ನುಗ್ಗುತ್ತಿದ್ದರು. ಬ್ಲಾಕುಗಳು ದಬದಬ ಬೀಳುತ್ತಿದ್ದವು, ನಾಣ್ಯವೆಲ್ಲ ಒಂದೇ ಖಾತೆಗೆ ಹೋಗುತ್ತಿತ್ತು, ಒಗಟು ಕಠಿಣವಾಗುತ್ತಿತ್ತು. ಅಷ್ಟರಲ್ಲಿ ಹೇಳದೆ ಕೇಳದೆ ಮಾಯ. ಉಳಿದ ಬಡಪಾಯಿಗಳು ಆ ಕಠಿಣ ಒಗಟಿನ ಮುಂದೆ ತಲೆ ಚಚ್ಚಿಕೊಂಡು ಕೂರಬೇಕಾಗಿತ್ತು. ಜನರ ವ್ಯವಹಾರಗಳು ಅರ್ಧ ದಿನ ತೂಗಾಡುತ್ತಿದ್ದವು.

ಯಜಮಾನನ ತೀರ್ಪು ಅಷ್ಟರಲ್ಲೇ ಸಿದ್ಧವಾಗಿತ್ತು. ‘ಇವನು ಮಿಡತೆ. ಒಗಟು ಸುಲಭವಿದ್ದಾಗ ಬಂದು ಮೇಯುತ್ತಾನೆ, ಕಠಿಣವಾದ ಕೂಡಲೇ ಬೇರೆ ನಾಣ್ಯಕ್ಕೆ ಜಿಗಿಯುತ್ತಾನೆ. ಯಾರೆಂದು ಪತ್ತೆ ಮಾಡು,’ ಎಂದು ನನಗೆ ಹೇಳಿದ.

ನಾನು ನೋಡಿದೆ. ನೋಡಿದಷ್ಟೂ ಯಜಮಾನನ ಮಾತು ಹೊಂದಲಿಲ್ಲ. ಮಿಡತೆಯಾದರೆ ಹಸಿರಿದ್ದ ಕಡೆ ಬರಬೇಕು. ಇದು ನಾಣ್ಯದ ಬೆಲೆ ಪಾತಾಳಕ್ಕೆ ಬಿದ್ದ ದಿನವೂ ಬಂದು ಕಠಿಣ ಒಗಟನ್ನೇ ಕಡಿಯುತ್ತಿತ್ತು. ಬೆಲೆ ಏರಿ, ಒಗಟು ಸಡಿಲವಾಗಿ, ಎಲ್ಲರೂ ಬಾಚಿಕೊಳ್ಳುತ್ತಿದ್ದ ದಿನ ಈ ಕಡೆ ತಲೆಯನ್ನೂ ಹಾಕಲಿಲ್ಲ. ಲಾಭ ಬೇಡದ ಕಳ್ಳನನ್ನು ನಾನು ಎಲ್ಲೂ ಕಂಡಿಲ್ಲ. ಹಾಗೆಂದು ಬರೆದು ಕಳಿಸಿದೆ. ‘ಅವನು ನಿನಗಿಂತ ಜಾಣ, ಅಷ್ಟೆ,’ ಎಂದು ಉತ್ತರ ಬಂತು. ಮೈಯೆಲ್ಲ ಉರಿದುಹೋಯಿತು. ಇನ್ನು ಈ ವಿಷಯ ಬಿಡುವ ಪ್ರಶ್ನೆಯೇ ಇರಲಿಲ್ಲ.

ಪೇಪರಿನ ಒಳಪುಟದ ಮೂಲೆಯಲ್ಲಿ ‘ಇಂದು ವಿದ್ಯುತ್ ವ್ಯತ್ಯಯ’ ಎಂದು ಬರುವ ಸುದ್ದಿಯನ್ನು ನಾನು ತಪ್ಪದೆ ಓದುತ್ತೇನೆ. ಹೊಟ್ಟೆಪಾಡು ಕರೆಂಟಿನ ಮೇಲಿರುವವರಿಗೆ ಅದೇ ಪಂಚಾಂಗ. ಒಂದು ಮೋಡದ ದಿನ ನಮ್ಮ ಉಪಕೇಂದ್ರದ ಸರದಿ ಇತ್ತು. ಬೆಳಗಿನಿಂದ ಆ ಮಿಡತೆ ಗಣಿಗ ಜೋರಾಗಿ ಓಡುತ್ತಿದ್ದ. ಮನೆಯ ಯುಪಿಎಸ್ಸು ಕೀ ಎಂದು ಕೂಗಿತು, ಫ್ಯಾನು ನಿಂತಿತು. ಪರದೆಯ ಮೇಲೆ ಗಣಿಗನೂ ನಿಂತ. ಸಂಜೆ ಕರೆಂಟು ಪೇಪರಿನವರು ಹೇಳಿದ ಹೊತ್ತಿಗೆ ಬರಲಿಲ್ಲ, ಅದು ಯಾವತ್ತು ಬಂದಿದೆ? ನಾನು ಇಲಾಖೆಯವರ ಏಳು ತಲೆಮಾರನ್ನು ನೆನೆದು ಮುಗಿಸುವಾಗ ಬಂತು. ದೀಪ ಹತ್ತಿದ ಸ್ವಲ್ಪ ಹೊತ್ತಿಗೆ ಗಣಿಗನೂ ಬಂದ.

ಕಾಕತಾಳೀಯ ಇರಬಹುದು ಎಂದುಕೊಂಡೆ. ವಾರದಲ್ಲಿ ಗಾಳಿಗೆ ತೆಂಗಿನ ಗರಿ ಬಿದ್ದು ಲೈನು ಹೋಯಿತು, ಗಣಿಗನೂ ಹೋದ. ಆಗ ಕುರ್ಚಿಯಿಂದ ಎದ್ದು ನಿಂತೆ. ಪ್ರಪಂಚದ ನಾಲ್ಕು ಮೂಲೆಯವರು ಹುಡುಕುತ್ತಿದ್ದ ಮಿಡತೆ ನಮ್ಮ ಮನೆಗೆ ಕರೆಂಟು ಕೊಡುವ ಉಪಕೇಂದ್ರದಿಂದಲೇ ಕರೆಂಟು ಕುಡಿಯುತ್ತಿತ್ತು!

ಆದರೆ ಕರೆಂಟು ಇದ್ದೂ ಬಾರದ ದಿನಗಳು ಬೇಕಾದಷ್ಟಿದ್ದವು. ಅವು ಏಕೆ? ಆ ಉತ್ತರ ಸಿಕ್ಕಿದ್ದು ಮಹಡಿಯ ಮೇಲೆ. ಒಗೆದ ಬಟ್ಟೆ ಹರವಿ ಇನ್ನೂ ಕೆಳಗಿಳಿದಿರಲಿಲ್ಲ, ತುಂತುರು ಶುರುವಾಯಿತು. ಬೈದುಕೊಳ್ಳುತ್ತ ಎಲ್ಲವನ್ನೂ ಬಾಚಿಕೊಂಡು ಒಳಗೆ ಓಡಿ ಬಂದು, ಕುರ್ಚಿಯ ಮೇಲೆ ಗುಡ್ಡೆ ಹಾಕಿ ಪರದೆ ನೋಡಿದರೆ ಗಣಿಗ ಹಾಜರ್. ಹಿಂದಿನ ದಿನಗಳನ್ನು ಒಂದೊಂದಾಗಿ ನೆನಪು ಮಾಡಿಕೊಂಡೆ. ಬಿಸಿಲು ಕಾದು ಹಪ್ಪಳ ಗರಿಗರಿಯಾಗಿ ಒಣಗಿದ ದಿನಗಳಲ್ಲಿ ಅವನ ಸುಳಿವಿಲ್ಲ. ನಡುಮನೆಗೆ ಹಗ್ಗ ಕಟ್ಟಿ, ಮುಗ್ಗಲು ವಾಸನೆಯ ಸೀರೆಗಳ ಕೆಳಗೆ ಬಗ್ಗಿ ಬಗ್ಗಿ ಓಡಾಡಿದ ದಿನಗಳಲ್ಲೆಲ್ಲ ಅವನಿದ್ದ. ಮಳೆ, ಮೋಡ ಇದ್ದಾಗ ಮಾತ್ರ ಗಣಿ ತೋಡುವ ಮನುಷ್ಯ ಎಲ್ಲಿದ್ದಾನಪ್ಪ?

ಕರೆಂಟಿನ ವಿಷಯವನ್ನಷ್ಟೇ ಯಜಮಾನನಿಗೆ ತಿಳಿಸಿದೆ. ದಾಳಿ ಅಲ್ಲ, ನಮ್ಮ ಕಡೆ ಕರೆಂಟು ಹೋದರೆ ನಿಲ್ಲುವ ಯಾವುದೋ ಸಣ್ಣ ಜಾಗ ಎಂದೆ. ಅವನು ಕೂಡಲೇ ನಕ್ಷೆ ತೆರೆದು, ನಿಮ್ಮ ಹತ್ತಿರ ಹಳೆಯ ಜಲವಿದ್ಯುತ್ ಕೇಂದ್ರವಿದೆಯಲ್ಲ, ಶಿವನಸಮುದ್ರ, ಅಲ್ಲಿಂದ ಯಾರೋ ಕದಿಯುತ್ತಿದ್ದಾರೆ ಎಂದ. ಕೇಂದ್ರ ಹತ್ತಿರವಿದ್ದರೆ ಕರೆಂಟು ಸಲೀಸಾಗಿ ಸಿಗುತ್ತದೆ ಎಂದು ನಂಬುವವರು ನಮ್ಮ ಜಿಲ್ಲೆಯಲ್ಲಿ ಒಂದು ಬೇಸಿಗೆ ಕಳೆಯಬೇಕು. ನಾನು ಅಷ್ಟು ಹೇಳಿದರೂ ಅವನು ಕ್ಯಾರೇ ಅನ್ನಲಿಲ್ಲ. ಮುಂದಿನ ಸಭೆಯಲ್ಲಿ ಎರಡು ಕೆಲಸ ಆಗಬೇಕು ಎಂದ. ಆ ಖಾತೆಯ ಬ್ಲಾಕುಗಳನ್ನು ಜಾಲದಲ್ಲಿ ಯಾರೂ ಒಪ್ಪಬಾರದು. ಆ ಜಾಗದ ಹೆಸರು ಬಹಿರಂಗವಾಗಬೇಕು, ಕರೆಂಟು ಕಳ್ಳತನದ ದೂರು ಹೋಗಬೇಕು. ಜಾಗ ಹುಡುಕಿ ಕೊಡುವ ಕೆಲಸ ನನ್ನದು.

ಪೇಟೆಯಲ್ಲಿ ಸುಟ್ಟ ಮೋಟಾರುಗಳಿಗೆ ಮತ್ತೆ ತಂತಿ ಸುತ್ತಿಕೊಡುವ ಸಾಹೇಬರೊಬ್ಬರಿದ್ದಾರೆ. ನಮ್ಮ ಮಿಕ್ಸಿಗೂ ಸುತ್ತಲಿನ ಪಂಪ್‌ಸೆಟ್ಟುಗಳಿಗೂ ಅವರೇ ವೈದ್ಯರು. ದೊಡ್ಡ ಯಂತ್ರ ಎಲ್ಲೇ ಓಡಲಿ, ಅವರ ಅಂಗಡಿಯ ಮುಂದೆ ಒಮ್ಮೆ ಇಳಿದೇ ಇರುತ್ತದೆ. ಹೋಗಿ ಕೇಳಿದೆ: “ಮಳೆ ಬಂದಾಗ ಮಾತ್ರ ಓಡೋ ಮಿಷನ್ನು ಯಾರ ಹತ್ರ ಇದೆ ಸಾಹೇಬ್ರೆ?”

ಅವರು ಕೈಯಲ್ಲಿದ್ದ ತಂತಿ ಕೆಳಗಿಟ್ಟರು. “ಯಾಕೆ ಮೇಡಮ್ಮು?”

“ಸುಮ್ನೆ.”

“ಸುಮ್ನೆ ಕೇಳೋರು ಬಿಸಿಲಲ್ಲಿ ನಡ್ಕಂಡ್ ಬತ್ತಾರಾ? ಬುಡಿ, ನಂಗೊತ್ತಿಲ್ಲ.”

ಗೊತ್ತಿಲ್ಲದವರು ಯಾಕೆ ಎಂದು ಕೇಳುವುದಿಲ್ಲ. ನಾನು ಸ್ಟೂಲು ಎಳೆದುಕೊಂಡು ಕೂತು ಎಲ್ಲವನ್ನೂ ಬಿಡಿಸಿ ಹೇಳಿದೆ. ದೂರು ಎಂಬ ಮಾತು ಬಂದದ್ದೇ ಅವರ ಮುಖ ಕೆಂಪಾಯಿತು.

“ಕಳ್ತನಾನಾ? ಮೀಟ್ರಿಟ್ಟು ಬಿಲ್ ಕಟ್ಟೋ ಎಣ್ಮಗಳ ಮ್ಯಾಲೆ ಕಂಪ್ಲೇಂಟಾ? ಯಾವನ್ ಮೇಡಮ್ಮು ಅವ್ನು?” ಎಂದವರು, ಅಂಗಡಿಯ ಹೊರಗೆ ಬಂದು ಕೈ ಚಾಚಿ ದಾರಿ ಹೇಳಿದರು. “ಓಗಿ ಆಯಮ್ಮನ್ನೇ ಕೇಳಿ. ಬೈದ್ರೆ ಬೈಸ್ಕಳಿ, ನನ್ ಎಸ್ರು ಮಾತ್ರ ಏಳ್ಬೇಡಿ.”

ಮರುದಿನ, ಮೋಡ ಕವಿದ ಹೊತ್ತಿನಲ್ಲಿ, ಶಿವಪುರದ ಸತ್ಯಾಗ್ರಹ ಸೌಧದ ಮುಂದೆ ಹಾದು ಹೋದೆ. ಅಲ್ಲಿಂದ ಯಾವ ಕಡೆ ತಿರುಗಿದೆ ಎಂದು ಈಗಲೂ ಹೇಳುವುದಿಲ್ಲ. ಮಂಡ್ಯ, ಮದ್ದೂರು, ಮಳವಳ್ಳಿ ಈ ಮೂರರ ನಡುವೆ ಎಲ್ಲೋ ಒಂದು ಆಲೆಮನೆ. ಓದುವವರಿಗೆ ಅಷ್ಟು ಸಾಕು.

ಗಾಣ ಕಬ್ಬು ನುರಿಯುತ್ತಿತ್ತು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದು ಬೆಲ್ಲದ ಘಮ ಹರಡಿತ್ತು. ಒಲೆಯ ಬಾಯಿಯ ಮುಂದೆ, ಸೀರೆಯ ಮೇಲೆ ಟವೆಲು ಕಟ್ಟಿಕೊಂಡ ಹೆಂಗಸೊಬ್ಬಳು ಒಣ ಸಿಪ್ಪೆ ತಳ್ಳುತ್ತಿದ್ದಳು. ಆಲೆಮನೆ ಅವಳದೇ. ಅಷ್ಟರಲ್ಲಿ ಗೇಟಿನ ಹತ್ತಿರ ಒಂದು ಲಾರಿ ಬಂದು ನಿಂತಿತು. ಅದರ ತುಂಬ ಹಳೆಯ ಟೈರುಗಳು.

“ಇವತ್ತಲ್ಲ ನಾಳೆ ಬೇಕಾಯ್ತದೆ ಕಣಕ್ಕ, ಮಳೆ ಇಡ್ಕಂಡೈತೆ. ಇಳಿಸ್ಲಾ?” ಎಂದು ಡ್ರೈವರು ಕೂಗಿದ.

“ನಿಮ್ಮನೆ ಅಂಗಳದಲ್ಲಿ ಇಳ್ಸೋಗು. ನಡಿ ನಡಿ!” ಎಂದು ಇವಳು ಅಲ್ಲಿಂದಲೇ ಕೂಗಿದಳು. ಅವನು ನಗುತ್ತ ಗಾಡಿ ತಿರುಗಿಸಿದ. ಹೋದ ಮಳೆಗಾಲದಲ್ಲೂ ಬಂದಿದ್ದನಂತೆ, ಮುಂದಿನ ವಾರ ಮತ್ತೆ ಬರುತ್ತಾನಂತೆ.

ಆಲೆಮನೆಗೆ ಕಬ್ಬೇ ಸೌದೆ. ಹಿಂಡಿದ ಸಿಪ್ಪೆಯನ್ನು ಬಯಲಿನಲ್ಲಿ ಹರವಿ, ಒಣಗಿಸಿ, ಅದನ್ನೇ ಒಲೆಗೆ ಹಾಕುತ್ತಾರೆ. ಮಳೆ ಹಿಡಿದರೆ ಸಿಪ್ಪೆ ಒಣಗುವುದಿಲ್ಲ. ಹಸಿ ಸಿಪ್ಪೆ ಉರಿಯುವುದಿಲ್ಲ. ಆಗ ಕೆಲವು ಕಡೆ ಟೈರು ಹಾಕುತ್ತಾರೆ. ಅದು ದಗದಗ ಉರಿಯುತ್ತದೆ, ಕಪ್ಪು ಹೊಗೆ ಊರೆಲ್ಲ ಕೂರುತ್ತದೆ.

ನಾನು ಬಂದ ಕಾರಣ ಹೇಳುತ್ತಿದ್ದ ಹಾಗೆ ಅವಳು ನನ್ನನ್ನು ಹಿಂದಿನ ಶೆಡ್ಡಿಗೆ ಕರೆದುಕೊಂಡು ಹೋದಳು. ಬೈಯಲಿಲ್ಲ. ಇಟ್ಟಿಗೆ ಗೋಡೆಯ ಒಂದು ಕಡೆ, ಕಬ್ಬಿಣದ ಚೌಕಟ್ಟಿನಲ್ಲಿ ಗಣಿ ಯಂತ್ರಗಳು ಸಾಲಾಗಿ ಕೂತಿದ್ದವು. ಅವುಗಳ ಬೆನ್ನಿನಿಂದ ಬರುವ ಬಿಸಿಗಾಳಿಯನ್ನು ಫ್ಯಾನುಗಳು ತಗಡಿನ ಕೊಳವೆಗೆ ನೂಕಿ ಗೋಡೆಯ ಆ ಕಡೆಗೆ ದಾಟಿಸುತ್ತಿದ್ದವು. ಆ ಕಡೆ ಬಿದಿರಿನ ಅಟ್ಟಣಿಗೆಗಳ ಮೇಲೆ ಸೂರಿನವರೆಗೂ ಸಿಪ್ಪೆ. ಇಷ್ಟು ದಿನ ಪರದೆಯ ಮೇಲೆ ಗೆರೆಯಾಗಿ ಏರಿಳಿಯುತ್ತಿದ್ದದ್ದು ಇದೇ! ನನಗೆ ನಗು ತಡೆಯಲಾಗಲಿಲ್ಲ.

“ಗಾಣದ್ ಮೋಟ್ರು ಸುಟ್ಟೋಗಿತ್ತು. ಸಾಬ್ರ ಅಂಗ್ಡೀಲಿ ಕೂತಿದ್ದೆ,” ಎಂದಳು. “ಯಾವ್ದೋ ಕಂಪ್ನಿ ಗುಜರಿಗಾಕಿದ್ ಮಿಸನ್ನು ತಂದು ಓಡ್ಸಿ ನೋಡ್ತಿದ್ರು. ಕಾಲ್ತಾವ ಬಿಸಿಗಾಳಿ ಒಡೀತು. ಇದೇನ್ ಸಾಬ್ರೆ, ಒಲೆ ಇದ್ದಂಗೈತೆ ಅಂದೆ. ಕಾಸೂ ಬತ್ತದೆ, ಸ್ವಲ್ಪ ಅಂದ್ರು. ಕಾಸು ಕರೆಂಟ್ ಬಿಲ್ಲಿಗಾದ್ರೆ ಸಾಕು, ನಂಗೆ ಬಿಸಿ ಬೇಕು ಅಂದೆ.”

ಯಂತ್ರಗಳು ಹಳೆಯವು, ದೊಡ್ಡ ಜಾಲದಲ್ಲಿ ಅವಕ್ಕೆ ಕವಡೆಯೂ ಹುಟ್ಟುವುದಿಲ್ಲ. ಹಾಗಾಗಿ ಸಾಹೇಬರು ಹುಡುಕಿ ಹುಡುಕಿ ನಮ್ಮ ಸಣ್ಣ ಜಾಲಕ್ಕೆ ಕಟ್ಟಿದ್ದರು. ಬಿಸಿಲಿದ್ದರೆ ಸಿಪ್ಪೆ ಪುಕ್ಕಟೆ ಒಣಗುತ್ತದೆ, ಆಗ ಸ್ವಿಚ್ಚು ಆಫ್.

“ಎಲ್ರೂ ಟೈರು ಹಾಕ್ತಾರಲ್ಲ, ನೀವ್ಯಾಕೆ ಇಷ್ಟೆಲ್ಲ?” ಎಂದು ಕೇಳಿದೆ.

“ಒಲೆ ಮುಂದೆ ಕೂರೋಳು ನಾನು ಕಣವ್ವ. ಆ ಒಗೆ ಕುಡ್ದು ಕೆಮ್ಮಿ ಕೆಮ್ಮಿ ಸತ್ತದ್ದು ನನ್ನ ಗಂಡ. ಅವತ್ತಿಂದ ಈ ಒಲೆಗೆ ಟೈರು ಆಕಿಲ್ಲ, ಆಕಾಕಿಲ್ಲ. ಎಲ್ಡು ಮಳೆಗಾಲ ಆಲೆ ನಿಲ್ಸಿದೆ. ಕಬ್ಬಿನೋರು ಬ್ಯಾರೆ ಕಡೆ ಒಂಟೋದ್ರು, ಆಳುಗಳೂ ಓದ್ರು. ಈಗಿನ್ನೂ ಒಬ್ಬೊಬ್ರೇ ಬತ್ತಾವ್ರೆ. ಈ ಸಲ ನಿಂತ್ರೆ ಮುಗೀತು.” ಕಣ್ಣು ಒರೆಸಿಕೊಳ್ಳಲಿಲ್ಲ. ಟವೆಲು ಬಿಗಿದುಕೊಂಡಳು. “ನಿಮ್ಮ ಯಜಮಾನಂಗೆ ಏನ್ ಕಷ್ಟ?”

ನೀವು ಬಂದು ಹೋಗುವುದರಿಂದ ಉಳಿದವರಿಗೆ ತೊಂದರೆಯಾಗುತ್ತಿದೆ ಎಂದು ನಿಜವನ್ನೇ ಹೇಳಿದೆ. “ಮಳೆ ಬಂದಾಗ ನಾನೇನ್ ಮಾಡ್ಲಿ? ನಿಮ್ ಕಾನೂನು ನೀವು ಸರಿ ಮಾಡ್ಕಳಿ,” ಎಂದಳು. ನಾನು ಸೇರಿದ ಹೊಸದರಲ್ಲಿ ಹೇಳಿದ್ದ ಮಾತೂ ಅದೇ. ಬೆಲ್ಲ ತಿಂದು ಎದ್ದು ಬಂದೆ. ಬರುವಾಗ ದಾರಿಯುದ್ದಕ್ಕೂ ನಾನು ಯಾರ ಕಾವಲುಗಾರ್ತಿ ಎಂದು ಯೋಚಿಸುತ್ತಿದ್ದೆ. ಮನೆ ಮುಟ್ಟುವಷ್ಟರಲ್ಲಿ ಆ ಯೋಚನೆ ಮುಗಿದಿತ್ತು. ಜಾಗದ ಹೆಸರು ನನ್ನ ಬಾಯಿಂದ ಬರುವುದಿಲ್ಲ.

ಸಭೆ ಒಂದು ಮಧ್ಯಾಹ್ನ, ಪರದೆಯ ಮೇಲೆ. ಯಜಮಾನ ಕೆಮ್ಮಿ ಗಂಟಲು ಸರಿಮಾಡಿಕೊಂಡು, ಯಾರು, ಎಲ್ಲಿ, ಹೇಳು ಎಂದ.

“ಏಕೆ ಎಂದು ಹೇಳುತ್ತೇನೆ. ಎಲ್ಲಿ ಎಂದು ಹೇಳುವುದಿಲ್ಲ,” ಎಂದೆ. ಸಿಪ್ಪೆಯ ಕತೆ, ಮಳೆಯ ಕತೆ, ಮೀಟರಿನ ಕತೆ ಹೇಳಿದೆ. ಇದು ಮಿಡತೆಯಲ್ಲ, ಒಬ್ಬ ಹೆಂಗಸು. ಅವಳಿಗೆ ನಿಮ್ಮ ನಾಣ್ಯದ ಬೆಲೆ ಕಟ್ಟಿಕೊಂಡು ಆಗಬೇಕಾದ್ದು ಏನೂ ಇಲ್ಲ ಎಂದೆ. ಯಾರೋ ಕಿಸಕ್ಕನೆ ನಕ್ಕರು. ಬಿಸಿಗಾಳಿಗಾಗಿ ಯಾರೂ ಗಣಿ ನಡೆಸುವುದಿಲ್ಲ ಎಂದ ಯಜಮಾನ. ಪುರಾವೆ ಕೇಳಿದ.

ಕಿಟಕಿಯಾಚೆ ನೋಡಿದೆ. ಬೆಳಗಿನಿಂದ ಬಿಸಿಲು ಚುರ್ ಎನ್ನುತ್ತಿದ್ದ ಆಕಾಶದ ಮೂಲೆಯಲ್ಲಿ ಕಾರ್ಮೋಡ ಎದ್ದಿತ್ತು. ನನಗೆ ಹುಮ್ಮಸ್ಸು ಬಂತು. “ಈಗ ಅವಳ ಯಂತ್ರ ನಿಂತಿದೆ, ನೋಡಿಕೊಳ್ಳಿ. ಇನ್ನು ಸ್ವಲ್ಪ ಹೊತ್ತಿನಲ್ಲಿ ಇಲ್ಲಿ ಮಳೆ ಬೀಳುತ್ತದೆ. ಬಿದ್ದ ಕೂಡಲೇ ಅವಳು ಬರುತ್ತಾಳೆ. ಬಾರದಿದ್ದರೆ ನಿಮ್ಮ ಮಾತೇ ಗೆಲ್ಲಲಿ,” ಎಂದು ಎಲ್ಲರ ಮುಂದೆ ಹೇಳಿಬಿಟ್ಟೆ.

ಮಳೆ ಬಂತು. ಹನಿಯಲ್ಲ, ಧೋ ಎಂದು ಸುರಿಯಿತು. ಎಲ್ಲರೂ ಪರದೆ ನೋಡುತ್ತ ಕಾದರು. ಒಂದು ಬ್ಲಾಕೂ ಬೀಳಲಿಲ್ಲ. ಅವಳು ಹೆದರಿ ನಿಲ್ಲಿಸಿಬಿಟ್ಟಳೇ? ನಾನು ಹೋಗಿ ಹೆದರಿಸಿ ಬಂದಂತಾಯಿತೇ? ಸರಿ, ಮತಕ್ಕೆ ಹಾಕೋಣ ಎಂದ ಯಜಮಾನ. ಅವನ ದನಿಯ ಜೊತೆಗೆ ಇನ್ನೊಂದು ಸದ್ದು ಬಹಳ ಹೊತ್ತಿನಿಂದ ಕಿವಿಗೆ ಬೀಳುತ್ತಿತ್ತು. ತಿರುಗಿ ನೋಡಿದೆ. ಕೀ, ಕೀ, ಕೀ. ಯುಪಿಎಸ್ಸು!

ಮಳೆ ಬಂದರೆ ನಮ್ಮಲ್ಲಿ ಮೊದಲು ಕರೆಂಟು ಹೋಗುತ್ತದೆ. ಹುಟ್ಟಿದಾಗಿನಿಂದ ಕಂಡದ್ದನ್ನೇ, ನಾಲ್ಕು ದೇಶದವರ ಮುಂದೆ ಜಂಬ ಕೊಚ್ಚುವ ಭರದಲ್ಲಿ ಮರೆತಿದ್ದೆ. ಜೋರಾಗಿ ನಕ್ಕುಬಿಟ್ಟೆ. ಕರೆಂಟು ಹೋಗಿದೆ, ತಡೆಯಿರಿ ಎಂದೆ.

“ಅನುಕೂಲಕ್ಕೆ ತಕ್ಕ ನೆಪ,” ಎಂದ ಯಜಮಾನ. ಒಬ್ಬೊಬ್ಬರನ್ನೇ ಕೇಳತೊಡಗಿದ. ಮೊದಲನೆಯವರು ತಡೆಹಾಕೋಣ ಎಂದರು. ಎರಡನೆಯವರೂ ಅದನ್ನೇ ಹೇಳಿದರು. ನಾನು ಕರೆಂಟಿಗಾಗಿ ಅಷ್ಟು ಬೇಡಿಕೊಂಡದ್ದು ಯಾವತ್ತೂ ಇಲ್ಲ. ಎರಡು ದಿನದ ಹಿಂದೆ ಬೈದಿದ್ದ ಲೈನ್‌ಮನ್ನನ್ನು ಅಪ್ಪಾ ತಂದೆ ಎಂದೆ. ಮೂರನೆಯವರು ಬಾಯಿ ತೆರೆಯುವಾಗ ತಲೆಯ ಮೇಲಿನ ಫ್ಯಾನು ಕಿರ್ ಎಂದು ತಿರುಗಿತು.

“ಬಂತು! ಈಗ ನೋಡಿ,” ಎಂದು ಕೂಗಿದೆ.

ಯಂತ್ರಗಳು ಎದ್ದು ಮೈಮುರಿಯುವಷ್ಟು ಹೊತ್ತು ಏನೂ ಆಗಲಿಲ್ಲ. ಆಮೇಲೆ ಒಂದು ಬ್ಲಾಕು ಬಿತ್ತು. ಅದರ ಬೆನ್ನಿಗೇ ಇನ್ನೊಂದು. ಅದೇ ಖಾತೆ. ದಬದಬ ಬೀಳತೊಡಗಿದವು. ಮೂರನೆಯವರು ತಡೆ ಬೇಡ, ನಿಯಮ ತಿದ್ದೋಣ ಎಂದರು. ಉಳಿದವರು ಅದಕ್ಕೇ ತಲೆಯಾಡಿಸಿದರು. ಮೊದಲಿನ ಇಬ್ಬರೂ ಮಾತು ಬದಲಿಸಿದರು.

ಯಜಮಾನ ಸೋಲು ಒಪ್ಪುವ ಪೈಕಿಯವನಲ್ಲ. “ಸರಿ. ಆದರೂ ಜಾಗ ಗೊತ್ತಿರಬೇಕು. ನಿನಗೆ ಸಂಬಳ ಕೊಡುವುದು ನಾವು,” ಎಂದ.

“ಹೇಳಲ್ಲ ಕಣಯ್ಯ,” ಎಂದೆ ಕನ್ನಡದಲ್ಲೇ. ಆಮೇಲೆ ಅವನಿಗೆ ತಿಳಿಯುವ ಭಾಷೆಯಲ್ಲೂ ಹೇಳಿದೆ.

ತಿಂಗಳ ಕೊನೆಗೆ ಆ ಕಾವಲು ಹೋಯಿತು. ಹೋಗಲಿ. ಇನ್ನೊಂದು ಜಾಲದವರು ವಿಚಾರಿಸಿದ್ದಾರೆ, ಅವರಿಗೂ ನನ್ನ ಈ ಬುದ್ಧಿಯನ್ನು ಮೊದಲೇ ಹೇಳಿದ್ದೇನೆ. ಇಷ್ಟರಲ್ಲಿ ಹಳೆಯ ಜಾಲದವರು ನಿಯಮ ತಿದ್ದಿದರು. ಈಗ ಅವಳು ಬಂದರೂ ಹೋದರೂ ಯಾರ ವ್ಯವಹಾರವೂ ತೂಗಾಡುವುದಿಲ್ಲ.

ಆ ಸುದ್ದಿ ಹೇಳಲು ಆಲೆಮನೆಗೆ ಹೋದ ದಿನವೂ ಮಳೆ. ಹಿಂದಿನ ಶೆಡ್ಡಿನಲ್ಲಿ ಫ್ಯಾನುಗಳು ಹೊಯ್ ಎನ್ನುತ್ತಿದ್ದವು. ಗಾಣದ ಬಳಿ ಹೊಸ ಆಳುಗಳಿದ್ದರು. ಒದ್ದೆ ಕೊಡೆ ಮಡಿಸುತ್ತಲೇ, “ಗೆದ್ವಿ ಕಣಮ್ಮ, ಇನ್ಯಾರೂ ನಿಮ್ಮನ್ನ ತಡೆಯಲ್ಲ,” ಎಂದೆ.

ಅವಳು ಒಲೆಗೆ ಸಿಪ್ಪೆ ತಳ್ಳುತ್ತ, “ನಾನ್ಯಾವಾಗವ್ವ ಸೋತಿದ್ದೆ?” ಎಂದಳು.

ಗೇಟಿನ ಹತ್ತಿರ ಹಾರ್ನು ಆಯಿತು. ಅದೇ ಲಾರಿ, ಟೈರುಗಳಿಂದ ನೀರು ಸೋರುತ್ತಿತ್ತು. ಇಂಥ ಮಳೆಯಲ್ಲಿ ಈ ಸಲ ಬೇಡ ಎನ್ನಲಾರಳು ಎಂದುಕೊಂಡು ಡ್ರೈವರು ಆಗಲೇ ಇಳಿದು ಹಿಂದಿನ ಕೊಂಡಿ ಬಿಚ್ಚುತ್ತಿದ್ದ. ಅವಳು ಒಂದು ಹಿಡಿ ಒಣ ಸಿಪ್ಪೆ ಎತ್ತಿಕೊಂಡು ಮಳೆಯಲ್ಲೇ ಅವನ ಹತ್ತಿರ ಹೋದಳು. ಸೆರಗಿನ ಮರೆಯಲ್ಲಿ ಅದನ್ನು ಅವನ ಕಿವಿಯ ಹತ್ತಿರ ಹಿಡಿದು ಮುರಿದಳು. ಪಟ್ ಎಂದು ಮುರಿಯಿತು.

“ಕೇಳುಸ್ತೇನ್ಲಾ? ಕೊಂಡಿ ಆಕ್ಕೊಂಡು ಓಯ್ತಾ ಇರು,” ಎಂದಳು.

ಅವನು ಕೊಂಡಿ ಹಾಕಿದ.